ಆಟ ಆಡುವ ಮಗು ಆಟ ಕಟ್ಟಲಿ

ಭಾನುವಾರದ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಮಂದಿ ತಾಯಂದಿರು ಸೇರಿದರೆ ಈಗ ಮೊದಲು ಬರುವ ಮಾತು ಮಕ್ಕಳ ಫೋನಿನದು. "ಟೀಚರ್, ಊಟಕ್ಕೆ ಕರೆದರೂ ಬರೋದಿಲ್ಲ. ಕಿತ್ತುಕೊಂಡರೆ ಮನೆಯೆಲ್ಲ ರಂಪ. ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ಕಂಪ್ಯೂಟರಿನ ಪಂಡಿತೆಯಲ್ಲ. ಆದರೂ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳಿದರೆ ಕೆಲವರಿಗಾದರೂ ಉಪಯೋಗವಾದೀತು.

ನನ್ನ ತಂಗಿಯ ಮಗನಿಗೆ ಆಗ 11 ವರ್ಷ, ಆರನೇ ತರಗತಿ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಅವನ ತಂದೆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಮೂರು ದಿನ ತಂದೆಯೊಡನೆ ಮಾತೇ ಆಡಲಿಲ್ಲ. ನಾಲ್ಕನೆಯ ರಾತ್ರಿ ಫೋನು ಅವನ ದಿಂಬಿನ ಕೆಳಗೆ ಸಿಕ್ಕಿತು. ಬೀಗದ ಕೈ ಎಲ್ಲಿತ್ತೆಂದು ಅವನಿಗೆ ಹೇಗೆ ತಿಳಿಯಿತೋ! ಏಟು ಬಿತ್ತು. ತಂಗಿ ಅಳುತ್ತಾ, "ಅಕ್ಕ, ಬೇಸಿಗೆ ರಜೆಗೆ ಇವನನ್ನ ನಿನ್ ಹತ್ರಾನೇ ಕಳಿಸ್ತೀನಿ. ಅಪ್ಪ ಮಗ ಒಂದೇ ಮನೆಯಲ್ಲಿದ್ದು ಮುಖ ನೋಡ್ತಿಲ್ಲ" ಎಂದಳು.

ಅವನು ಬಂದ ದಿನ ನಾನು ಬುದ್ಧಿವಾದ ಹೇಳಲಿಲ್ಲ. ಅದನ್ನು ಸಾಕಷ್ಟು ಕೇಳಿಯೇ ಬಂದಿದ್ದ. "ಅದೇನು ಆಡ್ತೀಯೋ ನನಗೂ ಹೇಳಿಕೊಡು" ಎಂದು ಪಕ್ಕದಲ್ಲಿ ಕುಳಿತೆ. ಕಾರು ಓಡಿಸುವ ಆಟ. ಒಂದೇ ತಿರುವಿನಲ್ಲಿ ಏಳು ಸಲ ಹಳ್ಳಕ್ಕೆ ಬಿದ್ದೆ. ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ ಕರುಣೆ ಬಂತೋ ಏನೋ, "ಈ ತಿರುವು ಮೋಸ ದೊಡ್ಡಮ್ಮ. ಸ್ವಲ್ಪ ಮುಂಚೆ ಒಂದು ಬಾಣದ ಗುರುತು ಹಾಕಿದ್ರೆ ನೀವು ಬೀಳ್ತಾನೇ ಇರಲಿಲ್ಲ" ಎಂದ.

ತಂದೆತಾಯಿಗಳೇ, ಈ ಮಾತನ್ನು ಗಮನಿಸಿ. ಬರೀ ಆಡುವವನು ತಿರುವನ್ನು ಬೈದು ಮುಂದೆ ಹೋಗುತ್ತಾನೆ. ಇವನು ಅದನ್ನು ಹೇಗೆ ಸರಿಪಡಿಸಬಹುದೆಂದು ಯೋಚಿಸಿದ್ದಾನೆ. "ಇದು ತುಂಬಾ ಸುಲಭ", "ಆ ರಾಕ್ಷಸ ಸುಮ್ಮನೆ ನಿಂತಿರ್ತಾನೆ, ಬೋರು" ಎಂದು ನಿಮ್ಮ ಮಗುವೂ ಗೊಣಗುತ್ತಿರಬಹುದು. ಆಗ ಒಂದೇ ಒಂದು ಪ್ರಶ್ನೆ ಕೇಳಿ: "ನೀನಾಗಿದ್ರೆ ಹೇಗೆ ಮಾಡ್ತಿದ್ದೆ?" ನಮ್ಮ ಹುಡುಗ ಆ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಹೇಳಿದ. ಮನೆಯಲ್ಲಿ ಮೂರು ದಿನ ಬಾಯಿ ಬಿಡದಿದ್ದ ಹುಡುಗ ಇವನೇ ಏನು ಎನಿಸಿತು.

ಹೆಸರಾಂತ ಆಟಗಳನ್ನು ಕಟ್ಟಿದವರಲ್ಲಿ ಕೆಲವರು ಹೀಗೆಯೇ ಆರಂಭಿಸಿದವರು. ಜಪಾನಿನ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದರು. ಹದಿಹರೆಯದಲ್ಲಿ ವಿಡಿಯೋ ಗೇಮಿನ ಹುಚ್ಚು ಹಿಡಿಯಿತು. 1983ರಲ್ಲಿ ಅವರು ಮಾಡಿದ ಮೊದಲ ಕೆಲಸ ಆಟಗಳ ಬಗ್ಗೆ ತಾವೇ ಕೈಯಲ್ಲಿ ಬರೆದು, ಪಿನ್ನು ಹೊಡೆದು ಹಂಚಿದ ಒಂದು ಚಿಕ್ಕ ಪತ್ರಿಕೆ. ಆ ಪತ್ರಿಕೆಯ ಹೆಸರು 'ಗೇಮ್ ಫ್ರೀಕ್'. ಮುಂದೆ ಅದೇ ಹೆಸರಿನ ಕಂಪನಿ 1996ರಲ್ಲಿ 'ಪೋಕೆಮಾನ್' ಆಟವನ್ನು ಹೊರತಂದಿತು; ಹುಳು ಹಿಡಿಯುವ ಆ ಹಳೆಯ ಖುಷಿಯೇ ಅದರ ಬೇರು. 1986ರ 'ದಿ ಲೆಜೆಂಡ್ ಆಫ್ ಜೆಲ್ಡಾ' ಮಾಡಿದ ಶಿಗೆರು ಮಿಯಾಮೊಟೊ ಅವರೂ ಬಾಲ್ಯದಲ್ಲಿ ತಮ್ಮ ಊರಿನ ಗುಡ್ಡ, ಕಾಡು, ಗುಹೆಗಳಲ್ಲಿ ಅಲೆದಾಡಿದ ನೆನಪನ್ನೇ ಆ ಆಟಕ್ಕೆ ತುಂಬಿದರು. ಇವನ್ನು ಹೇಳುವುದು ನಿಮ್ಮ ಮಗು ನಾಳೆ ಜಪಾನಿನವರಂತೆ ಹೆಸರು ಮಾಡುತ್ತದೆಂದು ಆಸೆ ಹುಟ್ಟಿಸಲು ಅಲ್ಲ. ಆಟಕ್ಕೆ ಬೇಕಾದ ಸರಕಿನಲ್ಲಿ ಹೆಚ್ಚಿನ ಪಾಲು ತೆರೆಯ ಹೊರಗೇ ಇರುತ್ತದೆ ಎಂದು ತೋರಿಸಲು.

ಮೊದಲು ಕಾಗದ, ಪೆನ್ಸಿಲ್

ಮರುದಿನ ಕಂಪ್ಯೂಟರ್ ತೆರೆಯಲಿಲ್ಲ. ಹಾವು ಏಣಿಯ ಹಾಳೆ ಹರಡಿ, "ಇದರಲ್ಲಿ ಒಂದೇ ಒಂದು ನಿಯಮ ಬದಲಾಯಿಸು" ಎಂದೆ. ನಮ್ಮ ದೇಶದಲ್ಲೇ ಹುಟ್ಟಿದ ಆಟ ಇದು. ಪಾಪಪುಣ್ಯ ಕಲಿಸಲೆಂದು ಹಿರಿಯರು ಆಡುತ್ತಿದ್ದುದು. ಹುಡುಗ, 6 ಬಿದ್ದರೆ ಎದುರಾಳಿಯ ಕಾಯಿಯೊಡನೆ ಜಾಗ ಬದಲಿಸಿಕೊಳ್ಳಬಹುದು ಎಂದು ಮಾಡಿದ. ನನ್ನ ಅತ್ತೆಯವರು, 84 ವರ್ಷದವರು, ಎರಡು ಆಟ ಆಡಿ, "ಕೊನೇ ಮನೇಲಿ ಇರೋಳ ಕಾಯಿ ನೀನು ಎಳ್ಕೊಂಡು ಹೋದ್ರೆ ಯಾರು ಆಡ್ತಾರೋ!" ಎಂದು ಕಾಯಿ ಎಸೆದರು. ಅವನು ಯೋಚಿಸಿ 90ರ ಮೇಲಿನ ಮನೆಗಳಿಗೆ ಆ ನಿಯಮ ಇಲ್ಲವೆಂದು ತಿದ್ದಿದ. ಮತ್ತೆ ಆಡಿಸಿದ. ಈ ಸಲ ಅಜ್ಜಿ ಗೆದ್ದರು.

ಆಟ ಕಟ್ಟುವ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ. ಒಂದು ಗುರಿ, ಕೆಲವು ನಿಯಮ, ಒಂದು ಅಡ್ಡಿ. ಬೇರೆಯವರಿಂದ ಆಡಿಸುವುದು, ಅವರು ಎಲ್ಲಿ ಮುಖ ಸಿಂಡರಿಸಿದರು ಎಂದು ನೋಡುವುದು, ತಿದ್ದುವುದು. ಚೌಕಾಬಾರ, ಅಳಿಗುಳಿ ಮಣೆ, ಯಾವುದಾದರೂ ಆದೀತು. ಒಂದು ವಾರ ಇಲ್ಲೇ ಇದ್ದರೂ ನಷ್ಟವಿಲ್ಲ. ಕಂಪ್ಯೂಟರ್ ಇಲ್ಲದ ಮನೆಗಳಲ್ಲೂ ಇದು ನಡೆಯುತ್ತದೆ.

ಆಮೇಲೆ ಕಂಪ್ಯೂಟರ್

ಎಂಟರಿಂದ ಹದಿನಾರು ವರ್ಷದ ಮಕ್ಕಳಿಗೆಂದೇ ಮಾಡಿದ 'ಸ್ಕ್ರ್ಯಾಚ್' ಎಂಬ ವ್ಯವಸ್ಥೆ ಇದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು ರೂಪಿಸಿ 2007ರಲ್ಲಿ ಜಗತ್ತಿಗೆ ಬಿಟ್ಟಿತು. ಪೂರ್ತಿ ಉಚಿತ. ಇಂಟರ್ನೆಟ್ಟಿನಲ್ಲೇ ನಡೆಸಬಹುದು, ಇಲ್ಲವೇ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಇದರಲ್ಲಿ ಸಾಲು ಸಾಲಾಗಿ ಟೈಪು ಮಾಡಬೇಕಿಲ್ಲ. ಒಂದೊಂದು ಆಜ್ಞೆಯೂ ಒಂದು ಬಣ್ಣದ ತುಣುಕು. ಮೌಸಿನಿಂದ ಎಳೆದು ಒಂದರ ಕೆಳಗೊಂದು ಸಿಕ್ಕಿಸಿದರೆ ಕೆಲಸ ಆರಂಭ. ಐದರಿಂದ ಏಳು ವರ್ಷದವರಿಗೆ 'ಸ್ಕ್ರ್ಯಾಚ್ ಜೂನಿಯರ್' ಬೇರೆಯೇ ಇದೆ. ಮನೆಯಲ್ಲಿ ಆಂಡ್ರಾಯ್ಡ್ ಫೋನು ಮಾತ್ರ ಇದ್ದರೆ, ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಪಾಕೆಟ್ ಕೋಡ್' ಫೋನಿನಲ್ಲೇ ಹೀಗೆ ತುಣುಕು ಜೋಡಿಸಲು ಅವಕಾಶ ಕೊಡುತ್ತದೆ. ಆದರೂ ಹಳೆಯ ಲ್ಯಾಪ್‌ಟಾಪ್ ಒಂದು ಸಿಕ್ಕರೆ ದೊಡ್ಡ ತೆರೆಯಲ್ಲಿ ಕಲಿಯುವುದು ಸುಲಭ ಎಂದು ನನ್ನ ಅನುಭವ.

ಮೊದಲ ಆಟ ಚಿಕ್ಕದಿರಬೇಕು. ಹುಡುಗನಿಗೆ ಮೊದಲ ದಿನವೇ ನೂರು ಜನ ಬಂದೂಕು ಹಿಡಿದು ದ್ವೀಪಕ್ಕೆ ಇಳಿಯುವ ಆಟ ಮಾಡುವ ಆಸೆ. ಅಂಥ ಆಟಗಳ ಹಿಂದೆ ದೊಡ್ಡ ದೊಡ್ಡ ತಂಡಗಳು ವರ್ಷಗಟ್ಟಲೆ ದುಡಿದಿರುತ್ತವೆ. ಆಸೆಗೆ ನಾನು ತಣ್ಣೀರು ಎರಚಲಿಲ್ಲ, ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಲು ಹೇಳಿ, "ಶನಿವಾರದೊಳಗೆ ಮುಗಿಯೋದು ಯಾವುದು?" ಎಂದೆ. ಹಿತ್ತಲಲ್ಲಿ ಮಾವಿನ ಹಣ್ಣು ಬೀಳುವ ಕಾಲ. ಬೀಳುವ ಹಣ್ಣನ್ನು ಬುಟ್ಟಿಯಲ್ಲಿ ಹಿಡಿಯುವ ಆಟವೆಂದು ತೀರ್ಮಾನವಾಯಿತು. ಸ್ಕ್ರ್ಯಾಚಿನಲ್ಲಿ ಸಿದ್ಧ ಚಿತ್ರಗಳು ಬೇಕಾದಷ್ಟಿವೆ. ಅವನು ಮಾತ್ರ ಮಾವನ್ನೂ ಬುಟ್ಟಿಯನ್ನೂ ತಾನೇ ಬರೆದ. ಮಾವು ಬದನೆಕಾಯಿಯಂತೆ ಕಾಣುತ್ತಿತ್ತು, ಇರಲಿ.

ಸ್ಕ್ರ್ಯಾಚಿನ ರಂಗಸ್ಥಳ 480 ಅಗಲ, 360 ಎತ್ತರದ ಒಂದು ಆಯತ. ನಟ್ಟನಡುವೆ ಸೊನ್ನೆ. ಎಡಬಲ ತಿಳಿಸುವುದು ಎಕ್ಸ್: ಬಲಕ್ಕೆ 240ರವರೆಗೆ, ಎಡಕ್ಕೆ ಮೈನಸ್ 240ರವರೆಗೆ. ಮೇಲೆ ಕೆಳಗೆ ತಿಳಿಸುವುದು ವೈ: 180ರಿಂದ ಮೈನಸ್ 180ರವರೆಗೆ. ಒಂಬತ್ತನೇ ತರಗತಿಯಲ್ಲಿ ನಿರ್ದೇಶಾಂಕ ಕಲಿಸುವಾಗ ಮಕ್ಕಳ ಕಣ್ಣು ಮುಚ್ಚುತ್ತಿದ್ದುದನ್ನು ನಾನು ಎಷ್ಟು ವರ್ಷ ನೋಡಿದ್ದೇನೆ! ಈ ಹುಡುಗ ಹತ್ತೇ ನಿಮಿಷದಲ್ಲಿ "ಮೈನಸ್ ಅಂದ್ರೆ ಎಡಗಡೆ" ಎಂದು ನನಗೇ ಹೇಳಿದ.

ಬುಟ್ಟಿಗೆ ಒಂದೇ ಆಜ್ಞೆ: ಹಸಿರು ಬಾವುಟ ಒತ್ತಿದಾಗ ಶುರುವಾಗಿ, ಸದಾಕಾಲ ಮೌಸ್ ಇರುವ ಎಕ್ಸ್‌ಗೆ ಹೋಗುತ್ತಿರು. ಮಾವಿಗೆ ಕೆಲಸ ಹೆಚ್ಚು. ಎಕ್ಸ್‌ನಲ್ಲಿ ಮೈನಸ್ 200ರಿಂದ 200ರೊಳಗೆ ಯಾವುದಾದರೊಂದು ಜಾಗ ಆರಿಸಿಕೊಂಡು 180ರ ಎತ್ತರದಲ್ಲಿ ನಿಲ್ಲು. ಸದಾಕಾಲ ವೈಯನ್ನು 5ರಷ್ಟು ಕಡಿಮೆ ಮಾಡು. ಮೈನಸ್ 170 ದಾಟಿದರೆ ಮತ್ತೆ ಮೇಲಿನಿಂದ ಬಾ. ಬುಟ್ಟಿಗೆ ತಾಗಿದರೆ ಅಂಕಕ್ಕೆ 1 ಸೇರಿಸು. ಸ್ಕ್ರ್ಯಾಚ್ ಈ 'ಸದಾಕಾಲ' ಎಂಬ ತುಣುಕಿನ ಒಳಗಿನದನ್ನು ಸೆಕೆಂಡಿಗೆ ಸುಮಾರು 30 ಬಾರಿ ಮಾಡುತ್ತದೆ. ಹಾಗಾಗಿ ಹಣ್ಣು ಮೇಲಿನಿಂದ ಕೆಳಗೆ ಬರಲು ಎರಡು ಸೆಕೆಂಡಿಗೆ ತುಸು ಹೆಚ್ಚು. 5ರ ಜಾಗದಲ್ಲಿ 10 ಹಾಕಿದರೆ? ಹುಡುಗ ಲೆಕ್ಕ ಮಾಡಲಿಲ್ಲ, ಹಾಕಿಯೇ ನೋಡಿದ.

ಗುರುವಾರ ಸಂಜೆ ಗಲಾಟೆ. ಒಂದು ಹಣ್ಣು ಹಿಡಿದರೆ ಅಂಕ 1 ಆಗಬೇಕಲ್ಲವೇ? 14 ಆಗುತ್ತಿತ್ತು. ನಾಲ್ಕು ಸಲ ತುಣುಕುಗಳನ್ನು ಕಿತ್ತು ಜೋಡಿಸಿದ. ಆಮೇಲೆ ಮೌಸನ್ನು ತಳ್ಳಿ, "ನನಗೆ ಇದು ಬರೋದೇ ಇಲ್ಲ. ಅಪ್ಪ ಹೇಳೋದು ಸರಿ, ನನ್ನಿಂದ ಏನೂ ಆಗೋದಿಲ್ಲ" ಎಂದು ಗೋಡೆಗೆ ಮುಖ ಮಾಡಿ ಕುಳಿತ. ಒಂದು ಏಟಿಗಿಂತ ಆ ಮಾತು ಅವನ ಒಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ತಿಳಿದದ್ದು ಆಗ.

ನನಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ, ಆಟ ನನ್ನದಾಗಿಬಿಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಲೋಟ ಹಾಲು ತಂದುಕೊಟ್ಟು, "ನೀನೇ ಮಾವಿನ ಹಣ್ಣು ಅಂದ್ಕೋ. ಕಂಪ್ಯೂಟರ್ ನಿನಗೆ ಏನೇನು ಹೇಳ್ತಿದೆ, ಒಂದೊಂದಾಗಿ ಗಟ್ಟಿಯಾಗಿ ಓದು. ಅದು ಹೇಳಿದಷ್ಟೇ ಮಾಡು, ಜಾಸ್ತಿ ಮಾಡಬೇಡ" ಎಂದೆ. ಎದ್ದು ನಿಂತು ಓದಿದ. "5 ಕೆಳಗೆ ಇಳಿ. ಬುಟ್ಟಿಗೆ ತಾಗಿದ್ದೀಯಾ? ಹೌದು. ಅಂಕ 1. ಮತ್ತೆ 5 ಕೆಳಗೆ ಇಳಿ. ತಾಗಿದ್ದೀಯಾ? ಹೌ..." ಎಂದು ಅರ್ಧಕ್ಕೇ ನಿಂತ. "ದೊಡ್ಡಮ್ಮ! ನಾನು ಇನ್ನೂ ಬುಟ್ಟಿಲೇ ಇದ್ದೀನಿ!" ಅಂಕ ಕೊಟ್ಟ ಕೂಡಲೇ ಹಣ್ಣನ್ನು ಮೇಲಕ್ಕೆ ಕಳಿಸುವ ತುಣುಕನ್ನು ಅವನು ಸೇರಿಸಿರಲೇ ಇಲ್ಲ. ಹಣ್ಣು ಬುಟ್ಟಿಯನ್ನು ದಾಟುವವರೆಗೆ ಹೆಜ್ಜೆಹೆಜ್ಜೆಗೂ ಅಂಕ ಏರುತ್ತಿತ್ತು. ಒಂದು ತುಣುಕು ಸೇರಿಸಿದ. ಅಂಕ 1. ಆಮೇಲೆ 2.

ಪ್ರೋಗ್ರಾಮ್ ಬರೆಯುವ ದೊಡ್ಡವರೂ ತಪ್ಪು ಹುಡುಕುವುದು ಹೀಗೆಯೇ: ಒಂದೊಂದೇ ಸಾಲನ್ನು ತಮಗೆ ತಾವೇ ಓದಿ ಹೇಳಿಕೊಂಡು. ಇದಕ್ಕೆ ತಂದೆತಾಯಿಗೆ ಕಂಪ್ಯೂಟರ್ ಬರಬೇಕಿಲ್ಲ. ಪಕ್ಕದಲ್ಲಿ ಕೂರುವ ತಾಳ್ಮೆ ಇದ್ದರೆ ಸಾಕು. ಮಗುವಿನ ಕೈಯಿಂದ ಮೌಸ್ ಕಸಿದು "ಕೊಡಿಲ್ಲಿ, ನಾನು ಮಾಡ್ತೀನಿ" ಎನ್ನುವ ಎಂಜಿನಿಯರ್ ತಂದೆಗಿಂತ ಏನೂ ತಿಳಿಯದ ತಾಯಿಯೇ ಇಲ್ಲಿ ಒಳ್ಳೆಯ ಗುರು ಎನ್ನುವೆ. ಎಂಜಿನಿಯರುಗಳು ಕೋಪಿಸಿಕೊಳ್ಳಬಾರದು. ಹಾಗೆಯೇ ಸಾವಿರಾರು ರೂಪಾಯಿಯ ಕೋಡಿಂಗ್ ತರಗತಿಗೆ ಮೊದಲ ದಿನವೇ ಸೇರಿಸಬೇಡಿ. ಎರಡು ಮೂರು ಆಟ ತಾನಾಗಿ ಮುಗಿಸಲಿ, ಆಮೇಲೆ ನೋಡೋಣ.

ಕೆಲವು ಎಚ್ಚರಿಕೆಗಳೂ ಬೇಕು. ಸ್ಕ್ರ್ಯಾಚಿನಲ್ಲಿ ಮಾಡಿದ ಆಟವನ್ನು 'ಶೇರ್' ಮಾಡಿದರೆ ಜಗತ್ತಿಗೆಲ್ಲ ಕಾಣುತ್ತದೆ. ಖಾತೆ ತೆರೆಯುವಾಗ ಮಗುವಿನ ನಿಜ ಹೆಸರು, ಶಾಲೆ, ಫೋಟೋ ಯಾವುದೂ ಬೇಡ. ಬೇರೆಯವರ ಆಟವನ್ನು ತೆಗೆದುಕೊಂಡು ಬದಲಾಯಿಸಲು ಅಲ್ಲಿ ಅನುಮತಿ ಇದೆ. ಅದು ಕಲಿಯುವ ಒಳ್ಳೆಯ ದಾರಿಯೂ ಹೌದು. ಆದರೆ ಮೂಲದವರ ಹೆಸರು ಹೇಳುವುದನ್ನು ಮೊದಲಿನಿಂದಲೇ ರೂಢಿ ಮಾಡಿಸಿ.

ಆಟ ಕಟ್ಟುವುದೂ ತೆರೆಯ ಮುಂದೆ ಕೂರುವುದೇ, ಅದಕ್ಕೂ ಮಿತಿ ಬೇಕು. ನಮ್ಮಲ್ಲಿ ಸಂಜೆ ಒಂದು ಗಂಟೆ. ಊಟ, ನಿದ್ದೆ, ಶಾಲೆ, ಸ್ನೇಹಿತರು ಎಲ್ಲವನ್ನೂ ಬಿಟ್ಟು ತಿಂಗಳುಗಟ್ಟಲೆ ಆಟವೊಂದೇ ಆದರೆ ಅದು ಬೇರೆ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ರೋಗಗಳ ಪಟ್ಟಿಯಲ್ಲಿ ಅತಿರೇಕದ ಆಟದ ಗೀಳನ್ನೂ ಸೇರಿಸಿದೆ. ಅಲ್ಲಿ ಬೇಕಾದದ್ದು ವೈದ್ಯರ ಸಲಹೆ, ಸ್ಕ್ರ್ಯಾಚ್ ಅಲ್ಲ.

2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕ್ಯುಟಿಸ್ ಅವರನ್ನು ಈಗ ಅನೇಕ ಮನೆಗಳಲ್ಲಿ ಉದಾಹರಣೆ ಕೊಡುತ್ತಾರೆ. 2006ರಲ್ಲಿ 15ನೇ ವಯಸ್ಸಿನಲ್ಲೇ ತೀರಿಕೊಂಡ ಆ ಬಾಲಕನಿಗೂ ವಿಡಿಯೋ ಗೇಮ್ ಇಷ್ಟವಿತ್ತು. ವಾರಕ್ಕೆ ಒಂದೇ ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನಕಥೆ ಬರೆದವರು ಹೇಳುತ್ತಾರೆ. ಪ್ರೋಗ್ರಾಮಿಂಗ್ ಸ್ವಂತವಾಗಿ ಕಲಿತು ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ. ಈ ಕಥೆಯನ್ನು ಮಕ್ಕಳಿಗೆ ಹೇಳಿ, ಒಳ್ಳೆಯದೇ. ಆದರೆ "ನೋಡು ಅವನು ಹೇಗಿದ್ದ, ನೀನು ಹೇಗಿದ್ದೀಯ" ಎಂದು ಕೋಲಿನಂತೆ ಬಳಸಬೇಡಿ. ಆ ಒಂದು ಗಂಟೆಯ ಮಿತಿಯನ್ನು ಅವನ ಮೇಲೆ ಯಾರೂ ಹೇರಿರಲಿಲ್ಲವಲ್ಲ.

ಸ್ಕ್ರ್ಯಾಚಿನಲ್ಲಿ ಕೈ ಪಳಗಿದ ಮೇಲೆ, 13–14ರ ವಯಸ್ಸಿಗೆ, ಪೈಥಾನ್ ಭಾಷೆಗೋ ಉಚಿತವಾಗಿ ಸಿಗುವ 'ಗೊಡಾಟ್' ಎಂಬ ಆಟ ಕಟ್ಟುವ ಸಾಧನಕ್ಕೋ ಹೋಗಬಹುದು. ಅವಸರವಿಲ್ಲ.

ರಜೆ ಮುಗಿಯುವ ಭಾನುವಾರ ಹುಡುಗನ ತಂದೆ ಕರೆದೊಯ್ಯಲು ಬಂದರು. ಇಬ್ಬರೂ ಹಜಾರದ ಎರಡು ಮೂಲೆಯಲ್ಲಿ ಕುಳಿತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟು, "ಸ್ವಲ್ಪ ಆಡಿ ನೋಡಿ" ಎಂದೆ. ಯಾರು ಮಾಡಿದ್ದೆಂದು ಹೇಳಲಿಲ್ಲ. ಅವರು ಬುಟ್ಟಿಯನ್ನು ಅತ್ತಿತ್ತ ಓಡಿಸಿ ಆರು ಹಣ್ಣು ಹಿಡಿದರು, ಹತ್ತಾರು ಬಿಟ್ಟರು. "ಇದೇನು, ಬದನೆಕಾಯಿನಾ?" ಎಂದರು. ಮೂಲೆಯಿಂದ, "ಮಾವಿನ ಹಣ್ಣಪ್ಪ" ಎಂದು ಸಣ್ಣ ದನಿ ಬಂತು. ತಂದೆ ಒಮ್ಮೆ ಮಗನನ್ನು ನೋಡಿದರು, ಒಮ್ಮೆ ತೆರೆಯನ್ನು. "ನೀನಾ ಮಾಡಿದ್ದು?" ಹುಡುಗ ತಲೆಯಾಡಿಸಿದ. "ತುಂಬಾ ಜೋರಾಗಿ ಬೀಳ್ತಿದೆ ಕಣೋ. ನನ್ನಂಥೋರಿಗೆ ಸ್ವಲ್ಪ ನಿಧಾನ ಮಾಡಕ್ಕಾಗಲ್ವಾ?"

ಹುಡುಗ ಎದ್ದು ಬಂದು ತಂದೆಯ ಪಕ್ಕ ಕುಳಿತು, 5 ಇದ್ದ ಜಾಗದಲ್ಲಿ 3 ಎಂದು ಒತ್ತಿದ. ಅವರು ಮತ್ತೆ ಆಡತೊಡಗಿದರು. ಆರು ಗಂಟೆಯ ಬಸ್ಸು ತಪ್ಪಿತು.