ಮೊದಲು ಪಟ್ಟಿ, ಆಮೇಲೆ ಯಂತ್ರ

ಪ್ರಶ್ನೆ: ನನಗೆ ಅರವತ್ತೊಂದು ವರ್ಷ. ಅಡ್ಡಗದ್ದೆಯಲ್ಲಿ ನಮ್ಮದು ಅಡಿಕೆ ತೋಟದ ಮನೆ. ಓದುವ ಹುಚ್ಚು ತವರಿನಿಂದಲೇ ಅಂಟಿದ್ದು. ಅಟ್ಟದ ಮೇಲಿಟ್ಟಿದ್ದ ಪುಸ್ತಕಗಳಲ್ಲಿ ಅರ್ಧ ಗೆದ್ದಲಿಗೆ, ಇನ್ನರ್ಧ ಬೂಷ್ಟಿಗೆ ಹೋದವು. ಈಗ ಸಣ್ಣಕ್ಷರ ಓದಿದರೆ ಕಣ್ಣು ಸೋಲುತ್ತದೆ. ‘ಮಲೆಗಳಲ್ಲಿ ಮದುಮಗಳು’ ಹಿಡಿದು ಮಲಗಿದರೆ ಮಣಿಕಟ್ಟು ನೋಯುತ್ತದೆ. ಮಳೆಗಾಲದಲ್ಲಿ ಸಂಜೆ ಹೋದ ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಬೆಂಗಳೂರಿನಲ್ಲಿರುವ ಮಗಳು ‘ಕಿಂಡಲ್ ತಗೊಂಡುಬಿಡಮ್ಮ’ ಅನ್ನುತ್ತಾಳೆ. ಅಮೆರಿಕದಲ್ಲಿರುವ ಮಗ ‘ತಡಿ, ಹೊಸ ಮಾದರಿ ಬರ್ತದೆ, ಬರುವಾಗ ನಾನೇ ತರ್ತೇನೆ’ ಅನ್ನುತ್ತಾನೆ. ಯಜಮಾನರದ್ದು ಒಂದೇ ಮಾತು, ‘ಮೊಬೈಲ್ ಇದೆಯಲ್ಲ!’ ಎಲೆಚುಕ್ಕಿ ರೋಗ ಬಂದು ಫಸಲು ಇಳಿದಿರುವ ಹೊತ್ತಿನಲ್ಲಿ ಹದಿನೇಳು ಸಾವಿರ ಸುರಿದು ನನ್ನೊಬ್ಬಳ ಸುಖಕ್ಕೆ ಯಂತ್ರ ಕೊಳ್ಳುವುದು ಸರಿಯೇ ಎಂಬ ಅಳುಕೂ ಇದೆ. ನಾನು ಓದುವುದು ಕುವೆಂಪು, ತ್ರಿವೇಣಿ, ಭೈರಪ್ಪ, ತೇಜಸ್ವಿ, ವೈದೇಹಿ. ಕಾಲೇಜಿನ ದಿನಗಳಿಂದ ಅಗಾಥಾ ಕ್ರಿಸ್ಟಿಯೂ ಜೊತೆಗಿದ್ದಾಳೆ. ಈಗಲೇ ಕೊಳ್ಳಲೇ, ಕಾಯಲೇ?
— ಓದುಗಿ, ಅಡ್ಡಗದ್ದೆ

ಉತ್ತರ: ಮಗನ ಮಾತನ್ನು ಮೊದಲು ಬದಿಗಿಡೋಣ. ಹೊಸ ಮಾದರಿ ಬಂದೇ ಬರುತ್ತದೆ, ಅದರ ನಂತರ ಇನ್ನೊಂದು ಬರುತ್ತದೆ. ಆದರೆ ಇ-ರೀಡರ್ ಎಂಬುದು ಮೊಬೈಲಿನ ವೇಗದಲ್ಲಿ ಬದಲಾಗುವ ವಸ್ತುವಲ್ಲ. ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್ ಪೇಪರ್‌ವೈಟ್‌ನ ಕಥೆಯನ್ನೇ ನೋಡಿ. 2012ರಲ್ಲಿ ಒಳಗಡೆಯೇ ದೀಪ ಬಂತು. 2015ರಲ್ಲಿ ಅಕ್ಷರಗಳು ಅಚ್ಚಿನಷ್ಟು ಸ್ಫುಟವಾದವು. 2018ರಲ್ಲಿ ನೀರು ಬಿದ್ದರೂ ಕೆಡದಂತಾಯಿತು. 2021ರಲ್ಲಿ ದೀಪದ ಬಣ್ಣವನ್ನು ಹಳದಿಗೆ ತಿರುಗಿಸುವ ಅನುಕೂಲ ಸೇರಿತು. 2024ರಲ್ಲಿ ಪರದೆ 7 ಇಂಚಾಯಿತು. ಅದೇ ವರ್ಷ ಬಣ್ಣದ ಕಿಂಡಲ್ ಕೂಡ ಬಂತು. ಅದರಲ್ಲಿ ಕಪ್ಪಕ್ಷರ ಇಂಚಿಗೆ 300 ಚುಕ್ಕಿಯಷ್ಟು ಸ್ಫುಟವಾಗಿದ್ದರೆ ಬಣ್ಣ ಅದರ ಅರ್ಧದಷ್ಟೇ. ಕಾದಂಬರಿ ಓದುವವರಿಗೆ ಆ ಬಣ್ಣದಿಂದ ಆಗಬೇಕಾದ್ದೇನೂ ಇಲ್ಲ. ನಿಮ್ಮ ಓದಿಗೆ 2018ರ ಯಂತ್ರವೇ ಧಾರಾಳ. ಹಾಗಾಗಿ ಹೊಸ ಮಾದರಿಗೆಂದು ಒಂದು ದಿನವೂ ಕಾಯಬೇಡಿ.

ಕಾಯಲು ಬೇರೆ ಕಾರಣವಿದೆ. ಅದು ಕನ್ನಡ.

ಯಂತ್ರದ ಗುಣಗಳು ಮಲೆನಾಡಿಗೆ ಹೇಳಿ ಮಾಡಿಸಿದಂತಿವೆ, ಅದರಲ್ಲಿ ಎರಡು ಮಾತಿಲ್ಲ. ಇದರ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ. ವಿದ್ಯುತ್ ಒಮ್ಮೆ ಹಾಯ್ದಾಗ ಯಾವುದು ಮೇಲೆ ಬರುತ್ತದೋ ಅದೇ ಹಾಳೆಯ ಮೇಲೆ ಕಾಣುತ್ತದೆ. ಪುಟ ಮಗುಚುವಾಗ ಬಿಟ್ಟರೆ ಅಕ್ಷರಗಳನ್ನು ನಿಲ್ಲಿಸಿಡಲು ವಿದ್ಯುತ್ ಬೇಕಿಲ್ಲ. ಆದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಜಗಲಿಯ ಬೆಳಕಿನಲ್ಲಿ ಕಾಗದದ ಹಾಗೇ ಕಾಣುತ್ತದೆ. ಕತ್ತಲಲ್ಲಿ ಅದರ ದೀಪ ಕಣ್ಣಿಗೆ ನೇರ ಹೊಡೆಯದೆ ಪರದೆಯ ಅಂಚಿನಿಂದ ಹಾಳೆಯ ಮೇಲೆ ಬೀಳುತ್ತದೆ. ತೂಕ ಕಾಲು ಕಿಲೋಗೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಸ್ಕಾಂ ಲೈನಿನ ಮೇಲೆ ಮರ ಬೀಳುವುದನ್ನೇ ಎಣಿಸುವ ಊರಿಗೆ ಇದಕ್ಕಿಂತ ಒಳ್ಳೆಯ ಓದಿನ ಸಾಧನ ಹುಡುಕುವುದು ಕಷ್ಟ. ನಿಮ್ಮ ಮಣಿಕಟ್ಟಿನ ನೋವಿಗೂ ಕರೆಂಟಿನ ಕಾಟಕ್ಕೂ ಅಲ್ಲಿ ಉತ್ತರವಿದೆ.

ಸಣ್ಣಕ್ಷರದ ತೊಂದರೆಗೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ. ಅಕ್ಷರ ಹಿಗ್ಗಿಸಲು ಮೊದಲು ಕನ್ನಡ ಪುಸ್ತಕ ಕಿಂಡಲ್‌ನಲ್ಲಿ ಸಿಗಬೇಕು. 2016ರ ಕೊನೆಯಲ್ಲಿ ಅಮೆಜಾನ್ ಭಾರತದ ಐದು ಭಾಷೆಗಳ ಪುಸ್ತಕಗಳಿಗೆ ಕಿಂಡಲ್ ಅಂಗಡಿಯ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಐದರಲ್ಲಿ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದವು. ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್, ವಿವಿಡ್‌ಲಿಪಿ ಮುಂತಾದ ಕಡೆ ಮೊಬೈಲ್ ಓದುಗರಿಗೆ ಸಿಕ್ಕವು. ಅಲ್ಲಿ ಕೊಂಡ ಪುಸ್ತಕ ಸಾಮಾನ್ಯವಾಗಿ ಆಯಾ ಆ್ಯಪ್‌ನೊಳಗೇ ತೆರೆದುಕೊಳ್ಳುತ್ತದೆ, ಕಿಂಡಲ್‌ಗೆ ಹಾರುವುದಿಲ್ಲ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಅದನ್ನು ಓದುವುದೂ ಮೊಬೈಲ್ ಇಲ್ಲವೇ ಕಂಪ್ಯೂಟರಿನಲ್ಲೇ.

‘ಪಿಡಿಎಫ್ ಇದೆಯಲ್ಲ’ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ರಾಶಿಯೇ ಇದೆ. ಆದರೆ ಅವುಗಳಲ್ಲಿ ಬಹುಪಾಲು ಸ್ಕ್ಯಾನ್ ಮಾಡಿದವು, ಅಂದರೆ ಪುಟದ ಫೋಟೋ. ಡೆಮಿ ಅಳತೆಯ ಪುಟ ಸುಮಾರು ಎಂಟೂವರೆ ಇಂಚು ಎತ್ತರ. 7 ಇಂಚಿನ ಇ-ರೀಡರ್ ಪರದೆಯ ಎತ್ತರ ಐದೂವರೆ ಇಂಚಿನ ಆಸುಪಾಸು. ಆ ಪುಟ ಈ ಪರದೆಯಲ್ಲಿ ಹಿಡಿಸಬೇಕಾದರೆ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ಕಾಗದದಲ್ಲೇ ಸೋಲುವ ಕಣ್ಣಿಗೆ ಅದು ಇರುವೆ ಸಾಲು. ಅಕ್ಷರ ದೊಡ್ಡದು ಮಾಡುವ ಗುಂಡಿ ಫೋಟೋದ ಮೇಲೆ ಕೆಲಸ ಮಾಡುವುದಿಲ್ಲ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಎರಡು ಪುಟಕ್ಕೇ ಸಾಕೆನಿಸುತ್ತದೆ.

ಅಕ್ಷರ ದೊಡ್ಡದಾಗಬೇಕಾದರೆ ಪುಸ್ತಕ ಇ-ಪಬ್‌ನಂಥ ರೂಪದಲ್ಲಿರಬೇಕು. ಅಂಥ ಕಡತಗಳನ್ನು 2022ರಿಂದ ಕಿಂಡಲ್‌ಗೆ ಕಳುಹಿಸಬಹುದು. ಇಲ್ಲಿ ಒಂದು ಪರೀಕ್ಷೆ ಮಾಡದೆ ದುಡ್ಡು ಬಿಚ್ಚಬೇಡಿ. ಮಗಳ ಸ್ನೇಹಿತರಲ್ಲಿ ಯಾರಾದರೂ ಕಿಂಡಲ್ ಇಟ್ಟುಕೊಂಡಿರುತ್ತಾರೆ. ಒಂದು ಕನ್ನಡ ಇ-ಪಬ್ ಕಡತವನ್ನು ಅದಕ್ಕೆ ಹಾಕಿಸಿ ‘ಸ್ತ್ರೀ’, ‘ರಾಷ್ಟ್ರ’, ‘ಕೃಷ್ಣ’, ‘ಅರ್ಘ್ಯ’ ಎಂಬ ನಾಲ್ಕು ಪದ ನೋಡಿ. ಒತ್ತಕ್ಷರ ಕೆಳಗೆ ಕೂತಿದೆಯೇ, ಅರ್ಕಾವೊತ್ತು ತನ್ನ ಜಾಗದಲ್ಲಿದೆಯೇ, ಎರಡೂ ಪಕ್ಕಕ್ಕೆ ಸರಿದು ನಿಂತಿವೆಯೇ? ಆಮೇಲೆ ಅಕ್ಷರವನ್ನು ಎರಡು ಹಂತ ದೊಡ್ಡದು ಮಾಡಿ ಮತ್ತೆ ನೋಡಿ. ಆ ನಾಲ್ಕು ಪದ ಸರಿಯಿದ್ದರೆ ಆ ಕಡತ ಓದಲು ಯೋಗ್ಯ.

ಇನ್ನು ನಿಮ್ಮ ಲೇಖಕರ ವಿಷಯ. ನಮ್ಮಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಎಲ್ಲರ ಸೊತ್ತು, ಯಾರು ಬೇಕಾದರೂ ಒಳ್ಳೆಯ ಇ-ಪುಸ್ತಕ ಮಾಡಿ ಹಂಚಬಹುದು. ನಿಮ್ಮ ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇದೆ. ತೇಜಸ್ವಿಯವರದು 2067ರವರೆಗೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಇವರ ಪಿಡಿಎಫ್‌ಗಳು ಕದ್ದ ಮಾಲು. ಅವುಗಳನ್ನು ನಂಬಿ ಯಂತ್ರ ಕೊಳ್ಳುವ ಲೆಕ್ಕ ಹಾಕಬೇಡಿ. ಅಗಾಥಾ ಕ್ರಿಸ್ಟಿಯದು ಮಾತ್ರ ಸುಲಭ. ಅವಳ ಪುಸ್ತಕಗಳು ಕಿಂಡಲ್ ಅಂಗಡಿಯಲ್ಲಿ ಸಾಲಾಗಿ ನಿಂತಿವೆ, ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ.

ಯಜಮಾನರ ಮಾತಿನಲ್ಲೂ ಹುರುಳಿದೆ. ಈ ಮಳೆಗಾಲದ ಮಟ್ಟಿಗೆ ಮೊಬೈಲನ್ನೇ ಪರೀಕ್ಷೆಯ ಕಣ ಮಾಡಿಕೊಳ್ಳಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ನಿಮಗೆ ಬೇಕಾದ ಕನ್ನಡ ಪುಸ್ತಕಗಳ ಮಾದರಿ ಪುಟಗಳನ್ನು ಪುಕ್ಕಟೆ ತೆರೆದು, ಅಕ್ಷರ ದೊಡ್ಡದು ಮಾಡಿ ಓದಿ. ಸಿಗ್ನಲ್ ಇರುವ ಜಾಗದಲ್ಲಿ ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ. ಪರದೆಯ ಮೇಲೆ ಓದುವುದು ನಿಮಗೆ ಒಗ್ಗುತ್ತದೆಯೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಮೊಬೈಲ್ ಬೆಳಕಿನಲ್ಲಿ ರಾತ್ರಿ ಗಂಟೆಗಟ್ಟಲೆ ಓದುವುದು ಬೇಡ, ನಡುವೆ ಫೋನ್ ಬಂದು ಓದು ಕಡಿಯುವುದೂ ಇದ್ದದ್ದೇ. ಆದರೆ ಪರೀಕ್ಷೆಗೆ ಇದು ಸಾಕು. ಆಂಡ್ರಾಯ್ಡ್ ಆ್ಯಪ್‌ಗಳು ನಡೆಯುವ ಬೂಕ್ಸ್‌ನಂಥ ಇ-ರೀಡರ್‌ಗಳೂ ಇವೆ. ಕನ್ನಡದ ಆ್ಯಪ್‌ಗಳನ್ನು ಅವುಗಳಿಗೆ ಹಾಕಿಕೊಳ್ಳಬಹುದು, ಆ ಲೆಕ್ಕದಲ್ಲಿ ಕನ್ನಡ ಓದುಗರಿಗೆ ಅವೇ ಹೆಚ್ಚು ಹೊಂದುತ್ತವೆ. ಕೊಳ್ಳುವ ಮುಂಚೆ ಕೆಟ್ಟರೆ ರಿಪೇರಿ ಎಲ್ಲಿ ಎಂದು ಕೇಳಿ. ಮಗ ಅಮೆರಿಕದಿಂದ ತರುವುದಾದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನೂ ಕೇಳಿ. ಕಿಂಡಲ್ ತಂದರೆ ಖಾತೆ ನಿಮ್ಮ ಹೆಸರಿನಲ್ಲಿರಲಿ, ಭಾರತದ ಅಂಗಡಿಗೆ ಸೇರಿರಲಿ. ಇಲ್ಲದಿದ್ದರೆ ಒಂದೊಂದು ಪುಸ್ತಕಕ್ಕೂ ಮಗನಿಗೆ ಫೋನ್ ಮಾಡಬೇಕಾದೀತು.

ಇನ್ನೊಂದು ಸಂಗತಿ ನಿಮ್ಮಂಥವರಿಗೆ ಆಮೇಲೆ ಬೇಸರ ತರಬಹುದು. ಇ-ಪುಸ್ತಕಕ್ಕೆ ದುಡ್ಡು ಕೊಟ್ಟರೆ ಸಿಗುವುದು ಓದುವ ಅನುಮತಿ ಅಷ್ಟೇ. 2009ರಲ್ಲಿ ಮಾರಾಟದ ಹಕ್ಕಿನ ತಕರಾರಿನಿಂದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಅಮೆಜಾನ್ ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತ್ತು. ಆಮೇಲೆ ಕ್ಷಮೆಯನ್ನೂ ಕೇಳಿತು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವ ಸೌಲಭ್ಯವನ್ನು 2025ರ ಫೆಬ್ರುವರಿಯಲ್ಲಿ ತೆಗೆದುಹಾಕಿತು. ಓದಿ ಮುಗಿಸಿದ್ದನ್ನು ಪಕ್ಕದ ಮನೆಗೆ ಕೊಟ್ಟು, ಅವರದ್ದನ್ನು ತಂದು ಓದುವ ರೂಢಿ ನಿಮ್ಮ ಕಡೆ ಇದ್ದರೆ ಅದು ಯಂತ್ರದೊಳಗೆ ನಡೆಯುವುದಿಲ್ಲ.

ಈಗ ನಿಮ್ಮ ಅಳುಕಿನ ಮಾತು. ಪತ್ರದಲ್ಲಿ ಅದು ಕೊನೆಯ ಭಾಗದಲ್ಲಿ ಬಂದರೂ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಎಂದು ನನಗನಿಸುತ್ತದೆ. ತೋಟಕ್ಕೆ ಔಷಧಿ ಹೊಡೆಸುವ ಖರ್ಚು, ಮಗಳು ಬಂದಾಗಿನ ಖರ್ಚು, ಮನೆಯ ಮಾಡಿನ ಹಂಚು, ಇವೆಲ್ಲ ಅಗತ್ಯದ ಪಟ್ಟಿಯಲ್ಲಿರುತ್ತವೆ. ಹೆಂಗಸಿನ ಓದು ಮಾತ್ರ ಸುಖದ ಪಟ್ಟಿಗೆ ಹೋಗುತ್ತದೆ. ಅರವತ್ತು ದಾಟಿದ ಮೇಲೆ ದಿನದ ಎರಡು ಗಂಟೆ ನಿಮ್ಮದೆಂದು ಉಳಿಸಿಕೊಡುವ ಅಭ್ಯಾಸಕ್ಕೆ ಖರ್ಚು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗೆಂದು ಕೈ ಬಿಗಿಯಿರುವ ವರ್ಷ ಕಂತಿನಲ್ಲಿ ಕೊಳ್ಳಿ ಎಂದು ಹೇಳಲಾರೆ. ಅಡಿಕೆ ಮಾರಿದ ಹಣ ಕೈಗೆ ಬಂದು, ಸೊಸೈಟಿ ಸಾಲದ ಬಾಬ್ತು ಕಳೆದ ಮೇಲೆ ಉಳಿದದ್ದರಲ್ಲಿ ಕೊಳ್ಳಿ. 7 ಇಂಚಿನ ಪೇಪರ್‌ವೈಟ್ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ 16,999 ರೂಪಾಯಿ ಇತ್ತು. ಇನ್ನೂರೈವತ್ತರ ಪುಸ್ತಕಗಳಾದರೆ ಆ ಹಣಕ್ಕೆ ಅರವತ್ತೇಳು ಬರುತ್ತವೆ. ಯಂತ್ರ ಕೊಂಡ ಮೇಲೂ ಇ-ಪುಸ್ತಕಕ್ಕೆ ಬೇರೆ ದುಡ್ಡು ಕೊಡಬೇಕು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಇವೆಲ್ಲಕ್ಕಿಂತ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ. ನಿಮ್ಮ ವಯಸ್ಸಿನಲ್ಲಿ ಸಣ್ಣಕ್ಷರ ಸೋಲಲು ಕನ್ನಡಕದ ನಂಬರ್ ಬದಲಾಗಿರುವುದು ಕಾರಣವಿರಬಹುದು, ಪೊರೆ ಬರುತ್ತಿರುವುದೂ ಇರಬಹುದು. ಪೊರೆಯಿದ್ದರೆ ಯಾವ ಯಂತ್ರವೂ ಅದನ್ನು ತೆಗೆಯುವುದಿಲ್ಲ. ಕನ್ನಡಕ ಬದಲಾದರೆ ಕಾಗದದ ಪುಸ್ತಕಗಳೇ ಮತ್ತೆ ಹಿತವಾಗಬಹುದು. ಜೊತೆಗೆ ಚಾರ್ಜ್ ಮಾಡುವ ಓದುದೀಪವೊಂದನ್ನು ತನ್ನಿ. ಕೆಲವು ನೂರು ರೂಪಾಯಿಯಲ್ಲಿ ಕತ್ತಲ ಸಂಜೆಯ ತೊಂದರೆ ಅರ್ಧ ಕಳೆಯುತ್ತದೆ.

ಅಷ್ಟಾದ ಮೇಲೆ ಒಂದು ಹಾಳೆಯಲ್ಲಿ ಮುಂದಿನ ವರ್ಷ ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರು ಬರೆಯಿರಿ. ಒಂದೊಂದರ ಮುಂದೆಯೂ ಅದು ಯಾವ ಅಂಗಡಿಯಲ್ಲಿ, ಅಕ್ಷರ ದೊಡ್ಡದಾಗುವ ರೂಪದಲ್ಲಿ ಸಿಗುತ್ತದೆ ಎಂಬುದನ್ನು ಮಗಳಿಂದ ಹುಡುಕಿಸಿ ಗುರುತು ಹಾಕಿ. ಆರು ಅಥವಾ ಹೆಚ್ಚು ಕಿಂಡಲ್‌ನಲ್ಲೇ ಸಿಕ್ಕರೆ ದಸರೆ-ದೀಪಾವಳಿಯ ರಿಯಾಯಿತಿಯಲ್ಲಿ ಕಿಂಡಲ್ ಕೊಳ್ಳಿ. ಆರು ಕನ್ನಡದ ಆ್ಯಪ್‌ಗಳಲ್ಲಿ ಸಿಕ್ಕರೆ ಆಂಡ್ರಾಯ್ಡ್ ಇ-ರೀಡರ್ ವಿಚಾರಿಸಿ. ಎರಡೂ ಆಗದಿದ್ದರೆ ಯಂತ್ರ ಬೇಡ. ನೀವು ಬರೆದ ಹೆಸರುಗಳನ್ನು ನೋಡಿದರೆ ಈ ವರ್ಷದ ಮಟ್ಟಿಗೆ ‘ಬೇಡ’ದ ಕಡೆಗೇ ತೂಕ ಹೆಚ್ಚು. ಹಾಗಾದರೆ ಆ ಹಣದ ಕಾಲು ಭಾಗಕ್ಕೆ ಕಾಗದದ ಪುಸ್ತಕ ತರಿಸಿ, ಉಳಿದದ್ದನ್ನು ನಿಮ್ಮದೇ ಹೆಸರಿನ ಖಾತೆಯಲ್ಲಿಡಿ, ಮುಂದಿನ ದಸರೆಗೆ ಪಟ್ಟಿಯನ್ನು ಮತ್ತೊಮ್ಮೆ ಮಾಡಿ. ಮಗನಿಗೆ ಹೇಳಿ: ಈ ಸಲ ಬರುವಾಗ ಯಂತ್ರ ಬೇಡ, ಎರಡು ಒಳ್ಳೆಯ ಅಗಾಥಾ ಕ್ರಿಸ್ಟಿ ತಂದರೆ ಸಾಕು, ದೊಡ್ಡಕ್ಷರದ ಮುದ್ರಣವೇ ಬೇಕು.