ಅಂಗಾಂಗ ಕಸಿಯಾದ ಮಗು: ಗ್ರಾಮ ಪಂಚಾಯಿತಿಯ ಹೊಣೆ

ಪಿತ್ತನಾಳ ಮುಚ್ಚಿಹೋದ ಶಿಶುವಿಗೆ ತಾಯಿ ಅಥವಾ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಿ ಜೀವ ಉಳಿಸಬಹುದಾಗಿದೆ. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಪ್ರತಿದಿನ ನಿಗದಿತ ವೇಳೆಗೆ, ಸಾಮಾನ್ಯವಾಗಿ ಜೀವನಪರ್ಯಂತ ನೀಡಬೇಕಾಗುತ್ತದೆ. ಆದಕಾರಣ ಸಾಧಾರಣ ಸೋಂಕೂ ಈ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು.

ಕಸಿಯ ನಂತರ ದಡಾರದಂತಹ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ನೀಡುವುದಿಲ್ಲ. ಸುತ್ತಲಿನ ಮಕ್ಕಳು 9 ತಿಂಗಳು ತುಂಬಿದಾಗ ಹಾಗೂ 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಲಸಿಕೆ ಪಡೆದಿರುವುದೇ ಅದಕ್ಕೆ ರಕ್ಷಣೆ.

ವೇಳೆ ತಪ್ಪದೆ ಔಷಧಿ ಕೊಡುವುದು ಹೆತ್ತವರ ಹೊಣೆ. ಲಸಿಕೆ, ನೀರು, ನೈರ್ಮಲ್ಯ ಊರಿನ ಹೊಣೆ. ಸದಸ್ಯರು ಆಶಾ ಕಾರ್ಯಕರ್ತೆಯರೊಡನೆ ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿಯನ್ನು ಪರಿಶೀಲಿಸತಕ್ಕದ್ದು. ಕುಡಿಯುವ ನೀರಿನ ಕ್ಲೋರಿನೇಷನ್ ಖಚಿತಪಡಿಸಿಕೊಳ್ಳತಕ್ಕದ್ದು. ಕಸಿಯು ಅಂಟುರೋಗವಲ್ಲ, ಆ ಕುಟುಂಬವನ್ನು ಯಾರೂ ದೂರವಿಡದಂತೆ ತಿಳಿವಳಿಕೆ ನೀಡುವುದೂ ಅವಶ್ಯ.