ಗುರುವಾರ ಸಂಜೆ ಬಲದ್‌ಗೆ ಹೋಗು

ಮಗಳೇ, ನಿನಗೆ ಸೌದಿಯ ಕೌಸ್ಟ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ಸುದ್ದಿ ಅಪ್ಪ ಹೇಳಿದಾಗ ಬಹಳ ಸಂತೋಷವಾಯಿತು. ಓದಿನ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವಷ್ಟು ನಾನು ಓದಿದವನಲ್ಲ. ಆದರೆ ಜಿದ್ದಾ ಗೊತ್ತು. ದುಡಿಯುವ ವಯಸ್ಸನ್ನೆಲ್ಲ ಅಲ್ಲೇ ಕಳೆದವನು. ಆ ಸಲುಗೆಯಲ್ಲಿ ಹೇಳುತ್ತೇನೆ: ಮೊದಲ ರಜೆಯನ್ನು ಕ್ಯಾಂಪಸ್ಸಿನೊಳಗೆ ಕಳೆಯಬೇಡ.

2009ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಇರುವುದು ಜಿದ್ದಾದಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ಥುವಲ್ ಎಂಬ ಮೀನುಗಾರರ ಊರಿನ ಪಕ್ಕ. ಗೇಟಿನೊಳಗೆ ಅಂಗಡಿ, ಸಿನಿಮಾ, ಕಡಲ ದಂಡೆ ಎಲ್ಲ ಇದೆ, ಪಾಠ ಇಂಗ್ಲಿಷಿನಲ್ಲಿ. ವರ್ಷಗಟ್ಟಲೆ ಅಲ್ಲೇ ಇದ್ದು, ಒಂದು ಅರಬ್ಬಿ ವಾಕ್ಯವೂ ಬಾಯಿಗೆ ಬಾರದೆ, ಪದವಿ ಹಿಡಿದು ವಿಮಾನ ಹತ್ತಿಬಿಡಬಹುದು. ನಿನ್ನ ವಿಷಯದಲ್ಲಿ ಹಾಗಾಗಬಾರದು.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆ ಊರಿಗೆ ಊರೇ ಮಲಗಿರುತ್ತದೆ. ಹಾಗಾಗಿ ಗುರುವಾರ ಸಂಜೆಯ ಬಸ್ಸು ಹಿಡಿ. ಬಸ್ಸು ಮಾಲ್ ಹತ್ತಿರ ಬಿಟ್ಟರೆ ಮಾಲ್ ಒಳಗೆ ಹೋಗಬೇಡ. ಗೆಳತಿಯರೊಂದಿಗೆ ಊಬರ್ ಮಾಡಿಕೊಂಡು ನೇರ ಬಲದ್‌ಗೆ ಹೋಗು. ಹಳೆಯ ಜಿದ್ದಾ ಅದು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಬಾಯ ಈಗ ಕಡ್ಡಾಯವಲ್ಲ, ಆದರೂ ಮೈತುಂಬ ಸಡಿಲವಾದ ಬಟ್ಟೆ ತೊಟ್ಟುಕೋ. ರಾತ್ರಿಯ ಇಶಾ ನಮಾಜು ಮುಗಿದ ಮೇಲೆಯೇ ಪೇಟೆಗೆ ಕಳೆ ಬರುವುದು.

ಅಲ್ಲಿಯ ಮನೆಗಳನ್ನು ಅವಸರವಿಲ್ಲದೆ ನೋಡು. ಕೆಂಪು ಸಮುದ್ರದ ಹವಳದ ಕಲ್ಲನ್ನು ಕಡಿದು ತಂದು ಕಟ್ಟಿದ ಗೋಡೆಗಳು. ಆ ಕಲ್ಲು ಮೆದು. ಭಾರ ಹಂಚಿಹೋಗಲೆಂದು ನಡುನಡುವೆ ಮರದ ತೊಲೆ ಅಡ್ಡಲಾಗಿ ಕೂರಿಸಿದ್ದಾರೆ. ಮುಂದಕ್ಕೆ ಚಾಚಿದ ಮರದ ಜಾಲರಿ ಕಿಟಕಿಗಳಿಗೆ ರೋಶನ್ ಎನ್ನುತ್ತಾರೆ. ಕಡಲ ಗಾಳಿ ಒಳಗೆ ಬರುತ್ತದೆ, ಒಳಗಿರುವ ಹೆಂಗಸರಿಗೆ ಬೀದಿ ಕಾಣುತ್ತದೆ, ಬೀದಿಗೆ ಅವರು ಕಾಣುವುದಿಲ್ಲ. ಆ ಮರದಲ್ಲಿ ಎಷ್ಟೋ ಪಾಲು ಹಡಗಿನಲ್ಲಿ ನಮ್ಮ ಕಡೆಯಿಂದ, ಜಾವಾ ಕಡೆಯಿಂದ ಹೋದ ಸಾಗುವಾನಿ. ಅಲ್ಲಿ ನಸೀಫ್ ಎಂಬ ವರ್ತಕರ ಹಳೆಯ ಮನೆಯ ಮುಂದೆ ಒಂದು ಬೇವಿನ ಮರ ಇದೆ. ಸಿಹಿನೀರಿಗೆ ಬರ ಇದ್ದ ಆ ಊರಿನಲ್ಲಿ ಮರವೆಂದರೆ ಅಪರೂಪ. ಜನ ಆ ಮನೆಯನ್ನು ಮರವಿರುವ ಮನೆ ಎಂದೇ ಗುರುತಿಸುತ್ತಿದ್ದರು. 1925ರಲ್ಲಿ ಜಿದ್ದಾ ಕೈವಶವಾದಾಗ ಸೌದಿ ರಾಜ್ಯ ಕಟ್ಟಿದ ದೊರೆ ಅಬ್ದುಲ್ ಅಜೀಜ್ ಬಂದು ಇಳಿದದ್ದು ಆ ಮನೆಯಲ್ಲೇ.

ಪರದೇಶದಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಾರೇನೋ ಎಂಬ ಅಂಜಿಕೆ ಮೊದಲ ದಿನಗಳಲ್ಲಿ ಎಲ್ಲರಿಗೂ ಇರುತ್ತದೆ. ಜಿದ್ದಾದಲ್ಲಿ ಅದು ಬೇಡವೇ ಬೇಡ. ಸಾವಿರ ವರ್ಷಕ್ಕೂ ಮಿಕ್ಕಿ ಹಜ್ ಯಾತ್ರಿಕರು ಇಳಿದ ಬಂದರು ಅದು. ಯೆಮನ್, ಬುಖಾರಾ, ಜಾವಾ, ಹಿಂದೂಸ್ಥಾನಗಳಿಂದ ಬಂದವರಲ್ಲಿ ಅಲ್ಲೇ ಉಳಿದುಹೋದವರು ಎಷ್ಟೋ ಮಂದಿ. ತಮೀಸ್ ರೊಟ್ಟಿ, ಬುಖಾರಿ ಅನ್ನ, ಮುತಬ್ಬಕ್ ಎಲ್ಲ ಹಾಗೆ ಬಂದು ಜಿದ್ದಾದ್ದೇ ಆದವು. ನೀನು ಮಾಂಸ ತಿನ್ನದವಳು. ಬಿಸಿ ತಮೀಸಿಗೆ ಫೂಲ್, ಅಂದರೆ ಬೇಯಿಸಿ ಅರೆದ ಕಾಳು, ಹಚ್ಚಿಕೊಂಡು ತಿನ್ನು, ಹೊಟ್ಟೆ ತುಂಬುತ್ತದೆ.

ಅಂಕಿಗಳನ್ನು ವಿಮಾನದಲ್ಲೇ ಕಲಿತುಬಿಡು. ನಮ್ಮ ಸೊನ್ನೆಯ ಹಾಗೆ ದುಂಡಗಿರುವುದು ಅಲ್ಲಿ ಐದು. ಸೊನ್ನೆ ಬರೀ ಒಂದು ಚುಕ್ಕೆ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ಎಡದಿಂದ ಬಲಕ್ಕೇ ಓದಬೇಕು. ಅಂಗಡಿಯಲ್ಲಿ ರೇಟು ಕೇಳುವ ಮೊದಲು ಸಲಾಂ ಹೇಳು. ನೀನು ನಾಲ್ಕು ಮಾತು ತಪ್ಪುತಪ್ಪಾಗಿ ಆಡಿದರೂ ಜಿದ್ದಾದವರು ಮನಸ್ಸಿಟ್ಟು ತಿದ್ದುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಅಮ್ಮ ಮಸಾಲೆ ಪುಡಿ ಕಟ್ಟಿಕೊಟ್ಟರೆ ಅದರಲ್ಲಿ ಗಸಗಸೆ ಇರಕೂಡದು. ಅಲ್ಲಿ ಅದು ನಿಷಿದ್ಧ. ಔಷಧಿಯ ಜೊತೆ ಡಾಕ್ಟರ ಚೀಟಿ ಇರಲಿ. ಇಕಾಮಾ, ಅಂದರೆ ವಾಸದ ಪರವಾನಗಿ, ಕೈಸೇರಿದ ಮೇಲೆ ಅದಿಲ್ಲದೆ ಹೊರಗೆ ಕಾಲಿಡಬೇಡ. ಅಪರಿಚಿತರ ಫೋಟೋ, ಅದರಲ್ಲೂ ಹೆಂಗಸರದ್ದು, ಕೇಳದೆ ತೆಗೆಯಬೇಡ. ಮಕ್ಕಾಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ತಾಯಿಫ್ ಬೆಟ್ಟಕ್ಕೆ ಹೋಗುವಾಗಲೂ ಮಕ್ಕಾ ತಪ್ಪಿಸಿ, ಮುಸ್ಲಿಮರಲ್ಲದವರಿಗೆಂದೇ ಇರುವ ಬೇರೆ ದಾರಿ ಹಿಡಿಯಬೇಕು, ಬೋರ್ಡು ನೋಡಿಕೋ. ರಂಜಾನಿನ ಹಗಲಲ್ಲಿ ಹೊರಗೆ ನೀರೂ ಕುಡಿಯಬೇಡ. ನಿನಗೆ ರಾತ್ರಿ ಹತ್ತೂವರೆ ಎಂದರೆ ಉಡುಪಿಯಲ್ಲಿ ಒಂದು ಗಂಟೆ. ಪೇಟೆಗೆ ಹೊರಡುವ ಮೊದಲೇ ಅಮ್ಮನಿಗೆ ಫೋನ್ ಮಾಡು.

ಬಲದ್‌ನ ಗಲ್ಲಿಗಳಲ್ಲಿ ಚಹಾ ಮಾರುವ ಬೂಫಿಯಾಗಳಿವೆ. ಅಲ್ಲಿ ಮಲಯಾಳಂ ಕೇಳುತ್ತದೆ, ಸ್ವಲ್ಪ ಹೊತ್ತು ನಿಂತರೆ ತುಳು, ಬ್ಯಾರಿ, ಕನ್ನಡವೂ ಕಿವಿಗೆ ಬೀಳಬಹುದು. ನಿನಗಿಂತ ಮೊದಲು ನಮ್ಮ ಕರಾವಳಿಯಿಂದ ಆ ಊರಿಗೆ ಬಂದವರು ಅವರು. ನಿನ್ನ ಟಿಕೆಟ್ಟು ವಿಶ್ವವಿದ್ಯಾಲಯದ್ದು. ಅವರಲ್ಲಿ ಅನೇಕರು ಸಾಲ ಮಾಡಿ ವೀಸಾ ಕೊಂಡವರು. ಶಾಲೆಯ ಅರಬ್ಬಿ ಅವರಿಗೆ ಬಾರದು, ಗಿರಾಕಿಯ ಬಾಯಿ ನೋಡಿ ಕಲಿತ ಅರಬ್ಬಿ. ವ್ಯಾಕರಣ ಇಲ್ಲವೆಂದು ಅದನ್ನು ಹಗುರವಾಗಿ ಕಾಣಬೇಡ. ಯಾವ ಗಲ್ಲಿ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿನ ಮೇಲೆ ಎಲ್ಲಿ ಇರಬಾರದು ಎಂಬುದನ್ನು ಯಾವ ಮ್ಯಾಪೂ ಅವರಷ್ಟು ಸರಿಯಾಗಿ ಹೇಳಲಾರದು. ಅಣ್ಣ ಎಂದು ಕರೆದು ಮಾತಾಡಿಸು. ಅವರ ಮಕ್ಕಳು ಊರಲ್ಲಿ ಓದುತ್ತಿರುತ್ತಾರೆ. ನೀನು ಓದುವ ಹುಡುಗಿ ಎಂದು ಗೊತ್ತಾದರೆ ಯಾವ ಕೋರ್ಸು ಒಳ್ಳೆಯದು, ಸ್ಕಾಲರ್‌ಶಿಪ್ಪಿಗೆ ಯಾವಾಗ ಅರ್ಜಿ ಹಾಕಬೇಕು ಎಂದು ಕೇಳಿಯೇ ಕೇಳುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ಎರಡು ಮಾತಲ್ಲಿ ಮುಗಿಸಬೇಡ. ಮಗುವಿನ ನಂಬರು ಬರೆದುಕೊಂಡು, ಆ ವಾರದೊಳಗೆ ನೀನೇ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳು.